ಹನ್ನೆರಡು ದಿನ

ಹೂವಿನ ಲಕ್ಷ್ಮಿದೇವಿ ಬಸ್ ಸ್ಟ್ಯಾಂಡಿನೊಳಗೆ ಕಾಲಿಡುವುದನ್ನು ಕಂಡ ಕೂಡಲೇ ಕೆಂಚೇಶ ದಾವಣಗೆರೆ ಬಸ್ಸಿನ ಹಿಂದಕ್ಕೆ ಸರಿದು ನಿಂತ. ನಲವತ್ತೊಂದು ವರ್ಷದ ಗಂಡಸು, ಹೊನ್ನಾಳಿಯ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷದಿಂದ ಏಜೆಂಟು. ಅಂಥವನು ಹೂ ಮಾರುವ ಹೆಂಗಸೊಬ್ಬಳಿಗೆ ಹೆದರಿ, ಬಸ್ಸು ಉಗುಳುವ ಹೊಗೆಯಲ್ಲಿ ಮುಖ ಮರೆಸಿಕೊಂಡು ನಿಲ್ಲುವ ಗತಿ ಬಂದಿತ್ತು.

ಲಕ್ಷ್ಮಿದೇವಿ ಒಬ್ಬಳೇ ಬಂದಿರಲಿಲ್ಲ. ಜೊತೆಗೆ ಮಗಳು ಅಕ್ಷಿತಾ ಇದ್ದಳು. ಜಗಳೂರಿನ ಒಂದು ಶಾಲೆಯಲ್ಲಿ ಟೀಚರಾಗಿದ್ದ ಹುಡುಗಿ ಎರಡು ವರ್ಷದ ಹಿಂದೆ ದೀಪಾವಳಿ ರಜೆಗೆಂದು ಮನೆಗೆ ಬಂದವಳು ರಜೆ ಮುಗಿದ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆಮೇಲೂ ಎದ್ದಿದ್ದು ಅಷ್ಟಕ್ಕಷ್ಟೆ. ಈಗ ತಾಯಿಯ ಕೈ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆದು ಬರುತ್ತಿದ್ದಳು. ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ಮೈ ಇದೆಯೋ ಇಲ್ಲವೋ ಅನ್ನುವಷ್ಟು ಬಡಕಲಾಗಿದ್ದಳು.

"ಕೆಂಚೇಶ ಎಲ್ಲಪ್ಪಾ?" ಎಂದು ಲಕ್ಷ್ಮಿದೇವಿ ಕಂಡಕ್ಟರ್ ಮಾರಪ್ಪನನ್ನು ಕೇಳಿದಳು.

"ಇಲ್ಲೇ ಇದ್ನಲ್ಲಾ. ಯಾಕಕ್ಕಾ? ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಐತಲ್ಲ, ನಮ್ ಬಸ್ಸಿನ ಮ್ಯಾಲೆ ಯಾಕೆ ಪ್ರೀತಿ ಬಂತು?"

"ಪುಕ್ಕಟೆ ಬಸ್ಸು ನಾಳೆನೂ ಇರ್ತದೆ. ಇವತ್ತು ನನ್ ಮಗಳನ್ನ ಕೆಂಚೇಶನ ಕೈಲೇ ಬಸ್ ಹತ್ತಿಸ್ಬೇಕು ಅಂತ ಬಂದೀನಿ. ದಾವಣಗೆರೆ ಡಾಕ್ಟರಮ್ಮನ ಹತ್ರ ಇವತ್ತು ಹನ್ನೊಂದೂವರೆಗೆ ಬರಾಕೆ ಹೇಳಿದಾರೆ. ಅವನಿಗೆ ಆದಂಗೇ ಇವಳಿಗೂ ಆಗ್ಲಿ."

ಬಸ್ಸಿನ ಹಿಂದೆ ನಿಂತವನ ಕಿವಿಗೆ ಇಷ್ಟೂ ಸ್ಪಷ್ಟವಾಗಿ ಬಿತ್ತು. ಅವನಿಗೆ ಏನಾಗಿದೆ ಎಂಬುದು ಇಡೀ ಬಸ್ ಸ್ಟ್ಯಾಂಡಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಕೆಂಚೇಶನ ಆಸ್ತಿ ಅಂದರೆ ಗಂಟಲು. "ನ್ಯಾಮ್ತಿ, ಸವಳಂಗ, ಶಿಮೊಗ್ಗಾ!" ಎಂದು ಅವನು ಕೂಗಿದರೆ ಟೀ ಕುಡಿಯುತ್ತಿದ್ದವರು ಅರ್ಧ ಲೋಟ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದರು. ಚನ್ನಗಿರಿಗೆ ಹೋಗಬೇಕಾದ ಮುದುಕನೊಬ್ಬ ಆ ಕೂಗಿನ ರಭಸಕ್ಕೆ ನ್ಯಾಮತಿ ಬಸ್ಸು ಹತ್ತಿ ಕೂತಿದ್ದನೆಂದು ಮಾರಪ್ಪ ಈಗಲೂ ಹೇಳುತ್ತಾನೆ. ಮಾರಪ್ಪ ಹೇಳುವುದರಲ್ಲಿ ಅರ್ಧ ತೆಗೆದು ಕೇಳಬೇಕು, ಆದರೂ ಉಳಿದ ಅರ್ಧ ನಿಜವೇ. ಇಂಥ ಗಂಟಲು ಕಳೆದ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಮೆಲ್ಲಗೆ ನಿಂತುಹೋಯಿತು. ಮೊದಲು ಕೂಗು ನಿಂತಿತು, ಆಮೇಲೆ ಮಾತು, ಆಮೇಲೆ ಊಟ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಎಂಟು ತಿಂಗಳು ಮಲಗಿಯೇ ಇದ್ದ. ಯಾವುದಕ್ಕಾದರೂ ಹೊರಗೆ ಹೋಗಲೇಬೇಕಾಗಿ ಬಂದರೆ, ತುಂಗಭದ್ರೆಯ ಸೇತುವೆ ಬಂದಾಗ ಹೊಳೆ ಕಾಣಬಾರದೆಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಕಾರಣ ಹುಡುಕುವವರು ಹುಡುಕಿದರು. ಕುಡಿತವಿಲ್ಲ, ಜೂಜಿಲ್ಲ. ಹೆಂಡತಿ ಸುಚಿತ್ರಾ ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಜೋರು ಬಾಯಿಯವಳೂ ಅಲ್ಲ. ಕಾರಣವೇ ಇಲ್ಲದ ಕಾಯಿಲೆ ಅಂದರೆ ಜನರಿಗೆ ನಂಬಿಕೆ ಬರುವುದಿಲ್ಲ. ಕೆಂಚೇಶನಿಗೂ ಬರಲಿಲ್ಲ. ಕೈಕಾಲು ಗಟ್ಟಿಯಿರುವ ತಾನು ಹೆಂಡತಿ ತುಳಿಯುವ ಮಿಷನ್ನಿನ ಸದ್ದು ಕೇಳಿಕೊಂಡು ಬಿದ್ದಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಷ್ಟೂ ಗೋಡೆಗೆ ಇನ್ನಷ್ಟು ಹತ್ತಿರ ಸರಿಯುತ್ತಿದ್ದ.

ಎರಡು ಕಡೆ ಗುಳಿಗೆ ಕೊಟ್ಟರು, ಹತ್ತಲಿಲ್ಲ. ಕೊನೆಗೆ ದಾವಣಗೆರೆಯ ಡಾಕ್ಟರಮ್ಮ ಕೆಟಮಿನ್ ಎಂಬ ಔಷಧಿಯ ಹೆಸರು ಹೇಳಿದರು. ಆಪರೇಷನ್ನಿಗೆ ಮೊದಲು ಪ್ರಜ್ಞೆ ತಪ್ಪಿಸಲು ಕೊಡುವಂಥದ್ದು, ಇದಕ್ಕೆ ಸ್ವಲ್ಪವೇ ಸಾಕು, ಡ್ರಿಪ್ಪಿನಲ್ಲಿ ನಲವತ್ತು ನಿಮಿಷ. ಒಂದು ಸೋಮವಾರ ಹಾಕಿದರು. ಮಂಗಳವಾರ ಬೆಳಿಗ್ಗೆ ಕೆಂಚೇಶನಿಗೆ ಒಗ್ಗರಣೆಯ ವಾಸನೆಗೆ ಎಚ್ಚರವಾಯಿತು. ಎಂಟು ತಿಂಗಳಿಂದ ಆ ಮನೆಯಲ್ಲಿ ದಿನಾ ಒಗ್ಗರಣೆ ಹಾಕುತ್ತಿದ್ದರು, ಅವನ ಮೂಗಿಗೆ ಮಾತ್ರ ಅದು ಬಂದಿರಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಂಡಕ್ಕಿ ಒಗ್ಗರಣೆನಾ? ಹಸಿಮೆಣಸಿನಕಾಯಿ ಇನ್ನೆರಡು ಹಾಕು" ಅಂದ. ಸುಚಿತ್ರಾ ಸೌಟು ಹಿಡಿದವಳು ಹಾಗೇ ನಿಂತಳು. ಆಮೇಲೆ ಹೊಗೆ ಹೊಗೆ ಎಂದು ನೆಪ ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅವತ್ತೇ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಂದು ಕೂಗಿದ. ಡ್ರೈವರುಗಳು ಹಾರ್ನ್ ಹೊಡೆದರು. ಮಾರಪ್ಪ ತಬ್ಬಿಕೊಂಡು ಮೇಲೆತ್ತಲು ಹೋಗಿ ಸೊಂಟ ಹಿಡಿಸಿಕೊಂಡ. ನಮ್ಮ ಕಡೆ ಮೊದಲಿಂದಲೂ ಗುಳಿಗೆ ಕೊಡುವ ಡಾಕ್ಟರಿಗಿಂತ ಸೂಜಿ ಹಾಕುವ ಡಾಕ್ಟರಿಗೆ ಮರ್ಯಾದೆ ಜಾಸ್ತಿ. ಒಂದೇ ಸೂಜಿಗೆ ಎದ್ದು ಕೂತ ಕೆಂಚೇಶನನ್ನು ನೋಡಲು ಜನ ಬಂದರು.

ಆ ಉಮೇದಿನಲ್ಲಿದ್ದಾಗಲೇ ಒಂದು ಶುಕ್ರವಾರ ಲಕ್ಷ್ಮಿದೇವಿ ಹೂವಿನ ಬುಟ್ಟಿ ಬಿಟ್ಟೆದ್ದು ಬಂದು ದನಿ ತಗ್ಗಿಸಿ ಕೇಳಿದ್ದಳು. "ಏನ್ ಮಾಡಿದ್ರು ತಮ್ಮಾ ನಿಂಗೆ? ನನ್ ಮಗಳದ್ದೂ ಇದೇ ಕಾಯ್ಲೆ. ನಾಲ್ಕು ಜನರ ಮುಂದೆ ಹೇಳಾಕೆ ಆಗಲ್ಲ." ಕೆಂಚೇಶ ದನಿ ತಗ್ಗಿಸಲಿಲ್ಲ. ಎಂಟು ತಿಂಗಳ ಮೇಲೆ ಮರಳಿ ಬಂದ ದನಿಯನ್ನು ತಗ್ಗಿಸುವ ಮನಸ್ಸು ಯಾರಿಗೆ ತಾನೆ ಬಂದೀತು? "ಒಂದೇ ಸೂಜಿ ಅಕ್ಕಾ! ಮೊದಲ್ನೇದು ಹಾಕಿದ ಮರುದಿನಾನೇ ನಾನು ವಾಸಿ. ಬೇರು ಸಮೇತ ಕಿತ್ತಾಕ್ತದೆ. ಗುಳಿಗೆ ಗಿಳಿಗೆ ಎಲ್ಲಾ ದಂಡ. ನನ್ನೇ ನೋಡು!" ಎಂದು ಎದೆ ತಟ್ಟಿಕೊಂಡಿದ್ದ. ಡಾಕ್ಟರಮ್ಮನ ನಂಬರನ್ನೂ ಅವಳ ಫೋನಿಗೆ ಹಾಕಿಕೊಟ್ಟಿದ್ದ.

ಡಾಕ್ಟರಮ್ಮ ಹೇಳಿದ್ದು ಹಾಗಲ್ಲ. ಸುಚಿತ್ರಾಳ ಎದುರಿಗೇ ಬಿಡಿಸಿ ಬಿಡಿಸಿ ಹೇಳಿದ್ದರು. "ಇದು ಬೇಗ ಹತ್ತುತ್ತೆ ಕೆಂಚೇಶ್, ಆದರೆ ಎಷ್ಟು ದಿನ ನಿಲ್ಲುತ್ತೆ ಅಂತ ನಾನು ಬರೆದುಕೊಡೋಕಾಗಲ್ಲ. ಒಂದು ಸಲದ್ದು ಕೆಲವು ದಿನ, ಹೆಚ್ಚು ಅಂದರೆ ವಾರ. ಅದಕ್ಕೇ ಮೂರು ವಾರದಲ್ಲಿ ಆರು ಸಲ ಕೊಡ್ತೀವಿ. ಆಮೇಲೂ ಕೆಲವರಿಗೆ ವಾರಗಟ್ಟಲೆ ಇರುತ್ತೆ, ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಹತ್ತೋದೇ ಇಲ್ಲ. ಗುಳಿಗೆ ನಿಲ್ಲಿಸಬೇಡಿ. ಇಳೀತಿದೆ ಅನ್ನಿಸಿದರೆ ತಕ್ಷಣ ಬನ್ನಿ." ಮುಂದಿನ ತಾರೀಕುಗಳನ್ನೆಲ್ಲ ಒಂದು ಹಳದಿ ಕಾರ್ಡಿನಲ್ಲಿ ಬರೆದು ಕೊಟ್ಟಿದ್ದರು. ಕೆಂಚೇಶ ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡಿದ್ದ.

ಗುರುವಾರ ಎರಡನೆಯದಕ್ಕೆ ಹೋದಾಗ ಒಂದು ಘಟನೆ ನಡೆಯಿತು. ಔಷಧಿ ಏರುತ್ತಿದ್ದಂತೆ ಅವನಿಗೆ ಮೈ ಹಗುರಾಗಿ, ಎಲ್ಲೋ ಎತ್ತರದಿಂದ ಬಸ್ ಸ್ಟ್ಯಾಂಡು ಕಂಡಂತಾಗಿ, ಅಲ್ಲಿಂದಲೇ ಕೂಗಲು ಶುರುಮಾಡಿದ. "ನ್ಯಾಮ್ತಿ, ಸವಳಂಗ, ಹತ್ತಿ ಹತ್ತಿ! ಅಮ್ಮಾ, ಮಗೀನ ಎತ್ಕೊಳ್ರಿ!" ವಾರ್ಡಿನವರೆಲ್ಲ ಬಾಗಿಲಿಗೆ ಬಂದು ನೋಡಿದರಂತೆ. ಎಚ್ಚರವಾದ ಮೇಲೆ ನರ್ಸು ನಗುತ್ತಾ ಹೇಳಿದಳು, "ಅಣ್ಣಾ, ನಮ್ಮನ್ನೆಲ್ಲಾ ಶಿಮೊಗ್ಗಕ್ಕೆ ಹೊಂಡಿಸಿಬಿಟ್ಟಿದ್ರಿ." ಸುಚಿತ್ರಾ ಕೂಡ ನಕ್ಕಳು. ಕೆಂಚೇಶನೂ ನಕ್ಕ. ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಅವನ ಕಿವಿ ಬಿಸಿಯಾಗಿಯೇ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂಗಿದರೆ ಅದು ಉದ್ಯೋಗ, ಆಸ್ಪತ್ರೆಯ ಮಂಚದ ಮೇಲೆ ಮಲಗಿ ಕೂಗಿದರೆ ಹುಚ್ಚು. ಆ ಬಾಗಿಲಲ್ಲಿ ನಿಂತವರಲ್ಲಿ ಹೊನ್ನಾಳಿಯವರು ಯಾರಾದರೂ ಇದ್ದರೆ? ಇನ್ನೂ ನಾಲ್ಕು ಸಲ ಅಲ್ಲಿಗೆ ಹೋಗಬೇಕಲ್ಲ ಎಂದು ಕಾರ್ಡು ತೆಗೆದು ಉಳಿದ ತಾರೀಕುಗಳನ್ನು ಎಣಿಸಿದ.

ಭಾನುವಾರ ಅಮಾವಾಸ್ಯೆ. ತಾಯಿ ಅಜ್ಜಮ್ಮ ಬೆಳಿಗ್ಗೆಯೇ ಅವನನ್ನು ಹೊಳೆಗೆ ಹೊರಡಿಸಿದಳು. "ರೋಗದಾಗೆ ಉಟ್ಕಂಡಿದ್ದ ಬಟ್ಟೆ ಹೊಳಿಗೆ ಬಿಟ್ಟು ತಲಿಗೆ ನೀರು ಹಾಕ್ಕಂಡು ಬಾ ಮಗಾ. ಬಿಟ್ ಮ್ಯಾಲೆ ಹಿಂದಕ್ಕೆ ತಿರುಗಿ ನೋಡ್ಬ್ಯಾಡ. ವಾಸಿ ಆದೋನು ಮತ್ತೆ ಆಸ್ಪತ್ರಿಗೆ ಹೋಗಾದೂ ಬ್ಯಾಡ, ರೋಗಾನ ಮತ್ತೆ ಮನಿಗೆ ಕರ್ಕಂಬಂದಂಗೆ." ತುಂಗಭದ್ರೆಯ ದಡದಲ್ಲಿ ಅಂಥ ಬಟ್ಟೆಗಳು ಎಷ್ಟೋ ಬಿದ್ದಿರುತ್ತವೆ, ಯಾರೂ ಮುಟ್ಟುವುದಿಲ್ಲ. ಆಸ್ಪತ್ರೆಗೆ ಹಾಕಿಕೊಂಡು ಹೋಗಿದ್ದ ಗೆರೆಯಂಗಿಯನ್ನು ಕೆಂಚೇಶ ನೀರಿಗೆ ಬಿಟ್ಟ. ಜೇಬಿನಲ್ಲಿ ಹಳದಿ ಕಾರ್ಡು ಇತ್ತು. ಮರೆತು ಬಿಟ್ಟನೆಂದು ನೀವು ಅಂದುಕೊಂಡರೆ ಅವನಿಗೆ ಸಮಾಧಾನವಾಗಬಹುದು, ಆದರೆ ಅವನು ಮರೆತಿರಲಿಲ್ಲ. ಬಿಡುವ ಮುಂಚೆ ಜೇಬನ್ನು ಮುಟ್ಟಿ ನೋಡಿದ್ದ. ಸೋಮವಾರ ಸುಚಿತ್ರಾ ಹೊರಡೋಣವೇ ಎಂದು ಕೇಳಿದಾಗ, "ಡಾಕ್ಟರಮ್ಮಗೆ ಫೋನ್ ಮಾಡಿದ್ದೆ, ಇಷ್ಟು ವಾಸಿ ಆಗಿದ್ರೆ ಎರಡೇ ಸಾಕು, ಗುಳಿಗೆನೂ ಬ್ಯಾಡ ಅಂದ್ರು" ಅಂದ. ಹದಿನಾರು ವರ್ಷದ ಸಂಸಾರದಲ್ಲಿ ಅವಳಿಗೆ ಹೇಳಿದ ದೊಡ್ಡ ಸುಳ್ಳು ಅದು.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಎದ್ದಾಗ ಒಗ್ಗರಣೆಯ ವಾಸನೆ ಬರಲಿಲ್ಲ. ನೆಗಡಿಯಿರಬೇಕು ಅಂದುಕೊಂಡ. ಮಧ್ಯಾಹ್ನ ಊಟಕ್ಕೆ ಕೂತವನಿಗೆ ಚಪಾತಿ ರಟ್ಟಿನಂತೆ ಕಂಡಿತು, ತಟ್ಟೆಯಲ್ಲೇ ಕೈ ತೊಳೆದು ಎದ್ದ. ಸಂಜೆಯ ಹೊತ್ತಿಗೆ ಎದೆಯ ಮೇಲೆ ಆ ಹಳೆಯ ಭಾರ ಬಂದು ಕೂತಿತ್ತು, ಊರಿಗೆ ಹೋಗಿದ್ದ ಬಾಡಿಗೆದಾರ ಬೀಗ ತೆಗೆದು ಒಳಗೆ ಬಂದಷ್ಟು ಸಲೀಸಾಗಿ. ಆ ದಿನದಿಂದ ಇವತ್ತಿನ ಗುರುವಾರದವರೆಗೆ ಕೆಂಚೇಶ ಬಸ್ ಸ್ಟ್ಯಾಂಡಿಗೆ ಬಂದಿದ್ದು ದುಡಿಯಲಿಕ್ಕಲ್ಲ, ಮನೆಯಲ್ಲಿದ್ದರೆ ಗೊತ್ತಾಗಿಬಿಡುತ್ತದೆಂದು. ಗಂಟಲು ಕಟ್ಟಿದೆ ಎಂದು ಎಲ್ಲರಿಗೂ ಹೇಳಿದ್ದ. ಮಾರಪ್ಪ ಶುಂಠಿ ಕಷಾಯ ತಂದುಕೊಟ್ಟಿದ್ದ, ಅದನ್ನು ಕುಡಿಯುವಾಗ ಕೆಂಚೇಶನಿಗೆ ಭೂಮಿಗಿಳಿದು ಹೋಗುವಂತಾಗಿತ್ತು.

"ಲೇ, ಇಲ್ಲೇನ್ ಮಾಡ್ತಾ ಇದೀಯೋ? ಲಕ್ಷ್ಮಕ್ಕ ಆಗ್ಲಿಂದ ಹುಡುಕ್ತಾ ಐತೆ" ಎಂದು ಮಾರಪ್ಪ ಬಸ್ಸಿನ ಹಿಂದಕ್ಕೇ ಬಂದು ತೋಳು ಹಿಡಿದೆಳೆದ. ಇನ್ನು ಅಡಗಲು ಜಾಗವಿರಲಿಲ್ಲ. ಕೆಂಚೇಶ ಹೆಗಲ ಟವೆಲ್ ತೆಗೆದು, ಅಭ್ಯಾಸಬಲದಿಂದ ಕಿಟಕಿಯೊಳಗೆ ತೂರಿ ಎರಡು ಸೀಟು ಹಿಡಿದ. ಯಾರ ಮುಖವನ್ನೂ ನೋಡದೆ ಬಾಗಿಲು ತೋರಿಸಿದ. "ಹತ್ತಕ್ಕಾ."

ಅಕ್ಷಿತಾ ಕಿಟಕಿಯ ಪಕ್ಕ ಕೂತಳು. ಲಕ್ಷ್ಮಿದೇವಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕಿಟಕಿಯಿಂದಲೇ ಕೆಂಚೇಶನ ಕೈ ಹಿಡಿದುಕೊಂಡಳು. ದಿನವಿಡೀ ಒದ್ದೆ ಹೂವಿನಲ್ಲಿರುವ ಅವಳ ಬೆರಳು ತಣ್ಣಗಿದ್ದವು.

"ನೀನ್ ಹೇಳಿದಂಗೇ ಎಲ್ಲಾ ಮಾಡೀನಿ ತಮ್ಮಾ" ಅಂದಳು. "ಅವತ್ತೇ ಗುಳಿಗೆ ನಿಲ್ಲಿಸ್ದೆ. ಎಲ್ಲಾ ತೆಗೆದು ತಿಪ್ಪಿಗೆ ಹಾಕ್ದೆ. ಆಮ್ಯಾಲೆ ಇಲ್ಲಿ ನೋಡು." ಚೀಲದ ಬಾಯಿ ತೆರೆದು ಹೊಸ ಚೂಡಿದಾರ ತೋರಿಸಿದಳು. ಬೆಲೆಯ ಚೀಟಿ ಇನ್ನೂ ಹಾಗೇ ಇತ್ತು. "ಸೂಜಿ ಹಾಕಿಸ್ಕೊಂಡು ಬರಾಗ ಹರಿಹರದಾಗೆ ಇಳಿದು, ಹಾಕ್ಕಂಡಿರೋ ಬಟ್ಟೆ ಹೊಳಿಗೆ ಬಿಡಿಸಿ ಇದನ್ನ ಹಾಕಿಸ್ತೀನಿ. ನಿಮ್ಮವ್ವ ಅಜ್ಜಮ್ಮ ಹೇಳ್ತು, ನೀನೂ ಹಂಗೇ ಮಾಡಿದ್ಯಂತಲ್ಲ."

ಕೆಂಚೇಶ ಅಕ್ಷಿತಾಳನ್ನು ನೋಡಿದ. ಅವಳು ಎದುರಿನ ಸೀಟಿನ ಕಬ್ಬಿಣದ ಸರಳನ್ನು ನೋಡುತ್ತಿದ್ದಳು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತು, ಅದು ಸರಳನ್ನು ನೋಡುವುದಲ್ಲ. ಆರು ದಿನದಿಂದ ಈ ಹುಡುಗಿ ಗುಳಿಗೆ ತೆಗೆದುಕೊಂಡಿಲ್ಲ, ತನ್ನ ಎದೆ ತಟ್ಟುವಿಕೆಯನ್ನು ನಂಬಿಕೊಂಡು. ನಾಳೆ ಎದ್ದು ಅನ್ನ ತಿನ್ನುತ್ತಾಳೆ, ನಗುತ್ತಾಳೆ. ಆಮೇಲೆ ಒಂದು ಬೆಳಿಗ್ಗೆ ಎಲ್ಲ ಹಿಂದಕ್ಕೆ ಹೋದಾಗ ಕೆಂಚೇಶ ಮಾಮನಿಗೆ ಒಂದೇ ಸೂಜಿಗೆ ವಾಸಿಯಾಯಿತು, ನನ್ನಲ್ಲೇ ಏನೋ ದೋಷವಿದೆ ಅಂದುಕೊಳ್ಳುತ್ತಾಳೆ. ಆಮೇಲೆ ಏನು ಮಾಡಿಕೊಳ್ಳುತ್ತಾಳೋ. ಸೇತುವೆಯ ಮೇಲೆ ಕಣ್ಣು ಮುಚ್ಚುವ ಬುದ್ಧಿ ಎಲ್ಲರಿಗೂ ಎಲ್ಲ ದಿನವೂ ಇರುವುದಿಲ್ಲ.

ಡ್ರೈವರ್ ಗೇರು ಹಾಕಿದ. ಮಾರಪ್ಪ ಸೀಟಿ ಊದಿದ. ಚಲಿಸುತ್ತಿದ್ದ ಬಸ್ಸಿನ ಹಿಂಬಾಗಿಲಿಗೆ ಕೆಂಚೇಶ ಹಾರಿ ಹತ್ತಿದ.

"ಏಯ್, ನೀನೆಲ್ಲಿಗೋ?"

"ಇರ್ಲಿ, ನಡಿ."

ಊರು ದಾಟುವವರೆಗೆ ಲಕ್ಷ್ಮಿದೇವಿಯ ಸೀಟಿನ ಪಕ್ಕ ಕಂಬಿ ಹಿಡಿದು ನಿಂತಿದ್ದ. ಅವಳು ಅವನನ್ನು ಕಂಡು ಇನ್ನಷ್ಟು ಸಂತೋಷಪಟ್ಟು, "ನೀನೇ ಬರ್ತೀಯಾ? ದೇವರಂಥೋನು ಕಣಪ್ಪಾ" ಅಂದಳು. ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ಅವನಿಂದಾಗಲಿಲ್ಲ.

"ಅಕ್ಕಾ, ಡಾಕ್ಟರಮ್ಮನ ಹತ್ರ ಹೋದ ಕೂಡ್ಲೆ ಮೊದ್ಲು ಗುಳಿಗೆ ನಿಲ್ಲಿಸಿದ್ದು ಹೇಳು. ನಾನು ಹೇಳಿದ್ದು ತಪ್ಪು."

"ಏನ್ ತಪ್ಪು?"

"ಎಲ್ಲಾನೂ. ಒಂದೇ ಸೂಜಿ ಅಲ್ಲ, ಆರು. ಇವತ್ತೇ ಹಾಕ್ತಾರೋ ಇಲ್ವೋ ಅದೂ ಗೊತ್ತಿಲ್ಲ, ಮೊದ್ಲು ನೋಡ್ತಾರೆ. ಗುಳಿಗೆ ಬಿಡಂಗಿಲ್ಲ. ನಾನು ಎರಡಕ್ಕೇ ನಿಲ್ಲಿಸಿಬಿಟ್ಟೆ, ಗುಳಿಗೆನೂ ಬಿಟ್ಟೆ. ಮನ್ಯಾಗೆ ಸುಳ್ಳು ಹೇಳ್ದೆ. ನಿಂಗೂ ಸುಳ್ಳು ಹೇಳ್ದೆ."

ಲಕ್ಷ್ಮಿದೇವಿಯ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. "ಅಂದ್ರೆ, ನಿಂಗೆ ವಾಸಿ ಆಗಿಲ್ವಾ?"

"ಆಗಿತ್ತು. ಹೋತು."

"ಯಾವಾಗ?"

"ಭಾನುವಾರ."

"ಭಾನುವಾರದಿಂದ ದಿನಾ ನನ್ನ ಬುಟ್ಟಿ ಮುಂದೇನೆ ಅಡ್ಡಾಡಿದೀಯಲ್ಲೋ! ಬಾಯಾಗೆ ಏನಿಟ್ಕೊಂಡಿದ್ದೆ?"

"ನಾಚ್ಕಿ ಆತಕ್ಕಾ."

"ನಾಚ್ಕಿ ಅಂತೆ! ಊರಿಗೆಲ್ಲಾ ಕೇಳಂಗೆ ಸುಳ್ಳು ಹೇಳಾಕೆ ಬಾರದ ನಾಚ್ಕಿ ನಿಜ ಹೇಳಾಕೆ ಬಂತಾ? ಎರಡು ವರ್ಷದ ಮ್ಯಾಲೆ ಈ ಹುಡುಗಿ ಮನಿ ಬಿಟ್ಟು ಹೊರಗೆ ಬಂದೈತೆ. ನಿನ್ನ ಮುಖ ನೋಡ್ಕೊಂಡು ಬಂದೈತೆ. ಈಗ ಇದಕ್ಕೆ ಏನ್ ಹೇಳ್ಲೋ ನಾನು?"

ಅವಳ ದನಿ ಒಡೆಯಿತು. ಹಿಂದಿನ ಮುಂದಿನ ಸೀಟಿನವರು ತಿರುಗಿ ನೋಡಿದರು. ಟೊಮೆಟೊ ಕ್ರೇಟಿನ ಮೇಲೆ ಕೂತಿದ್ದವನೊಬ್ಬ ಕಿವಿಯಿಂದ ಇಯರ್‌ಫೋನ್ ತೆಗೆದ. ಆಸ್ಪತ್ರೆಯ ಬಾಗಿಲಲ್ಲಿ ನಾಲ್ಕು ಜನ ನೋಡಿದ್ದಕ್ಕೆ ಕಾರ್ಡನ್ನು ಹೊಳೆಗೆ ಬಿಟ್ಟಿದ್ದ ಕೆಂಚೇಶನನ್ನು ಈಗ ನಲವತ್ತು ಜನ ನೋಡುತ್ತಿದ್ದರು. ಅದರಲ್ಲಿ ಮೂವತ್ತು ಜನಕ್ಕೆ ಅವನ ಹೆಸರು ಗೊತ್ತಿತ್ತು. ಅವನು ಕಂಬಿ ಬಿಡಲಿಲ್ಲ. ಬಿಟ್ಟರೆ ಬೀಳುತ್ತಿದ್ದ.

"ಮಾರಪ್ಪಾ, ನಿಲ್ಸು. ನಾವು ಇಳೀತೀವಿ" ಎಂದು ಲಕ್ಷ್ಮಿದೇವಿ ಚೀಲ ಎತ್ತಿಕೊಂಡಳು. ಮಾರಪ್ಪ ಸೀಟಿಯನ್ನು ತುಟಿಗೆ ತಂದು ಕೆಂಚೇಶನನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಇರವ್ವಾ. ನಿಲ್ಲಿಸ್ಬ್ಯಾಡ್ರಿ" ಎಂದಳು ಅಕ್ಷಿತಾ.

ಅವಳು ತಾನಾಗಿ ಒಂದು ಮಾತಾಡಿ ಎಷ್ಟು ದಿನವಾಗಿತ್ತೋ. ಲಕ್ಷ್ಮಿದೇವಿ ಎತ್ತಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಳು, ಮಗಳ ಬಾಯನ್ನೇ ನೋಡುತ್ತಾ. ಅಕ್ಷಿತಾ ಮತ್ತೆ ಸರಳಿನ ಕಡೆ ತಿರುಗಿದಳು. ಮಾರಪ್ಪ ಸೀಟಿಯನ್ನು ಜೇಬಿಗೆ ಹಾಕಿ, ಟಿಕೆಟ್ ಕೊಡುತ್ತಾ ಕೊಡುತ್ತಾ ಕೆಂಚೇಶನ ಹತ್ತಿರ ಬಂದು ನಿಂತ. ಇಪ್ಪತ್ತು ವರ್ಷದಲ್ಲಿ ಕೆಂಚೇಶನಿಗೆ ಯಾರೂ ಟಿಕೆಟ್ ಕೊಟ್ಟಿರಲಿಲ್ಲ.

"ಎಲ್ಲಿಗೋ?" ಎಂದು ಮೆಲ್ಲಗೆ ಕೇಳಿದ.

"ದಾವಣಗೆರೆ. ಆಸ್ಪತ್ರಿಗೆ."

ಮಾರಪ್ಪ ಅವನ ಹೆಗಲ ಮೇಲೊಮ್ಮೆ ಕೈಯಿಟ್ಟು ಮುಂದಕ್ಕೆ ಹೋದ. ಕಷಾಯದ ಮಾತು ಅವನೂ ಎತ್ತಲಿಲ್ಲ.

ಕೆಂಚೇಶ ಫೋನು ತೆಗೆದು ಮನೆಗೆ ಮಾಡಿದ. ಆ ಕಡೆ ಹೊಲಿಗೆ ಮಿಷನ್ನಿನ ಸದ್ದಿತ್ತು. "ಸುಚಿತ್ರಾ, ನಾನು ದಾವಣಗೆರೆ ಬಸ್ಸಿನಾಗೆ ಇದೀನಿ. ಡಾಕ್ಟರಮ್ಮಗೆ ನಾನು ಫೋನ್ ಮಾಡೇ ಇರ್ಲಿಲ್ಲ" ಅಂದ. ಮಿಷನ್ನಿನ ಸದ್ದು ನಿಂತಿತು. ಬೈಯುತ್ತಾಳೆಂದು ಕಾದ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

"ಭಾನುವಾರ ತಟ್ಟೆಯಾಗೆ ಕೈ ತೊಳ್ಕೊಂಡ್ರಲ್ಲ, ಅವಾಗ್ಲೇ ಗೊತ್ತಾತು" ಎಂದಳು ಸುಚಿತ್ರಾ. "ನೀವಾಗೇ ಹೇಳ್ತೀರಿ ಅಂತ ಇವತ್ತಿನ ತನಕ ಕಾದೆ. ಇವತ್ತು ಸಂಜಿಗೆ ನಾನೇ ಕೇಳ್ತಿದ್ದೆ." ಕತ್ತರಿ ಕೆಳಗಿಟ್ಟ ಸದ್ದಾಯಿತು. "ಮುಂದಿನ ಬಸ್ಸಿಗೆ ಬರ್ತೀನಿ. ಜೊತಿಗೆ ಒಬ್ರು ಇರಲೇಬೇಕು ಅಂದಾರಲ್ಲ. ನೀವು ಮಧ್ಯದಾಗೆ ಎಲ್ಲೂ ಇಳೀಬ್ಯಾಡ್ರಿ."

"ಇಳಿಯಲ್ಲ" ಅಂದ. ಇಷ್ಟು ದಿನ ಅವಳು ಮಾತಾಡದೆ ಬಡಿಸಿದ ಒಂದೊಂದು ಊಟವೂ ನೆನಪಾಗಿ ಅವನಿಗೆ ತಲೆಯೆತ್ತಲಾಗಲಿಲ್ಲ.

ಮಲೇಬೆನ್ನೂರಿನಲ್ಲಿ ಅರ್ಧ ಬಸ್ಸು ಇಳಿಯಿತು. ಎದುರಿನ ಸೀಟು ಖಾಲಿಯಾದರೂ ಕೆಂಚೇಶ ಕೂರಲಿಲ್ಲ. ಲಕ್ಷ್ಮಿದೇವಿ ಅವನತ್ತ ನೋಡದೆ, ಸೆರಗಿನಿಂದ ಮೂಗು ಒರೆಸಿಕೊಂಡು, "ಕೂತ್ಕೋ, ಬಿದ್ದುಗಿದ್ದೀಯ" ಅಂದಳು. ಅಂದಳೇ ಹೊರತು ಆ ದನಿಯಲ್ಲಿ ಕ್ಷಮೆಯೇನೂ ಇರಲಿಲ್ಲ. ಅವನು ಸೀಟಿನ ತುದಿಯಲ್ಲಿ, ಅವರ ಕಡೆಗೆ ಅರ್ಧ ತಿರುಗಿ ಕೂತ.

ಗದ್ದೆಗಳ ನಡುವೆ ಬಸ್ಸು ಮತ್ತೆ ವೇಗ ಹಿಡಿಯಿತು. ಅಕ್ಷಿತಾ ಸರಳಿನಿಂದ ಕಣ್ಣು ತೆಗೆದಳು.

"ಮಾಮಾ, ಎಷ್ಟು ದಿನ ಇತ್ತು?"

ಇದೊಂದು ಪ್ರಶ್ನೆಯನ್ನು ಯಾರೂ ಕೇಳದಿರಲಿ ಎಂದು ಅವನು ಬೇಡಿಕೊಂಡಿದ್ದ. ಬೇರು ಸಮೇತ ಎಂದು ಎದೆ ತಟ್ಟಿಕೊಂಡ ಬಾಯಲ್ಲಿ ಆ ಸಣ್ಣ ಲೆಕ್ಕವನ್ನು ಹೇಳಬೇಕಾಗಿತ್ತು.

"ಹನ್ನೆರಡು ದಿನ" ಅಂದ ತಲೆ ತಗ್ಗಿಸಿ. "ಅಷ್ಟೇ ಕಣವ್ವಾ. ಆರೂ ಹಾಕಿಸ್ಕೊಂಡಿದ್ರೆ ಇನ್ನೂ ಇರ್ತಿತ್ತೋ ಏನೋ. ನಂಗೆ ಬರೇ ಹನ್ನೆರಡು ದಿನ."

"ಹನ್ನೆರಡು ದಿನಾನೂ ಊಟ ರುಚಿ ಹತ್ತಿತ್ತಾ?"

ಅವನು ತಲೆಯೆತ್ತಿ ನೋಡಿದ. "ಹತ್ತಿತ್ತು."

"ಬೆಳಿಗ್ಗೆ ಎದ್ದ ಕೂಡ್ಲೆ, ಯಾಕಪ್ಪಾ ಬೆಳಕಾತು ಅನ್ನಿಸ್ತಿರ್ಲಿಲ್ವಾ?"

"ಇಲ್ಲ. ಬೆಳಕಾಗೋ ಮೊದ್ಲೇ ಎದ್ದು ಕೂತಿರ್ತಿದ್ದೆ."

"ಹನ್ನೆರಡು ದಿನ ಪೂರ್ತಿನಾ?"

"ಪೂರ್ತಿ."

ಅವಳು ಕಿಟಕಿಯ ಕಡೆ ತಿರುಗಿದಳು. ಮಡಿಲಲ್ಲಿದ್ದ ಬಲಗೈ ಮಾತ್ರ ಮೇಲ್ಮುಖವಾಗಿ ತೆರೆಯಿತು. ಹೆಬ್ಬೆರಳ ತುದಿಯನ್ನು ಕಿರುಬೆರಳಿನ ಬುಡದ ಗೆರೆಯ ಮೇಲಿಟ್ಟು ಎಣಿಸತೊಡಗಿದಳು, ಒಂದೊಂದು ಗೆರೆಯ ಮೇಲೂ ಸ್ವಲ್ಪ ಹೊತ್ತು ನಿಂತು, ಆ ದಿನ ಹೇಗಿರುತ್ತದೆಂದು ನೋಡುವವಳಂತೆ. ಕಿರುಬೆರಳು ಮುಗಿಯಿತು, ಉಂಗುರದ ಬೆರಳು ಮುಗಿಯಿತು, ನಡುಬೆರಳು ಮುಗಿಯಿತು. ತೋರುಬೆರಳಿನ ತುದಿಯ ಗೆರೆ ಮುಟ್ಟಿದಾಗ ಹನ್ನೆರಡಾಗಿತ್ತು, ಆ ಕೈಯಲ್ಲಿ ಮತ್ತೆ ಜಾಗ ಉಳಿದಿರಲಿಲ್ಲ. ಅವಳು ಬೆರಳುಗಳನ್ನು ಮಡಿಚಿ ಮುಷ್ಟಿ ಮಾಡಿ, ಅದರ ಮೇಲೆ ಇನ್ನೊಂದು ಕೈಯನ್ನು ಮುಚ್ಚಿ ಹಿಡಿದುಕೊಂಡಳು.